ನರಕ್ಕೆ ಇಂಜೆಕ್ಷನ್: ಮೊದಲ ಕೆಲವು ಗಂಟೆಗಳ ಲೆಕ್ಕ

ಸರ್ಪಸುತ್ತಿನ ಗುಳ್ಳೆ ಎರಡು ಮೂರು ವಾರದಲ್ಲಿ ಒಣಗಿಬಿಡುತ್ತದೆ. ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಉರಿ ಮಾತ್ರ ಉಳಿದುಕೊಳ್ಳುತ್ತದೆ. ತಿಂಗಳುಗಟ್ಟಲೆ ಪಕ್ಕೆಗೆ ಸೆರಗು ತಾಕಿದರೂ ಜೀವ ಹೋದಂತಾಗುತ್ತದೆ. ತಿ. ನರಸೀಪುರದ ಕಡೆ ಬಗ್ಗಿ ನಾಟಿ ಹಾಕಿ ಸೊಂಟ ಹಿಡಿದವರ ಸಂಕಟ ಇನ್ನೊಂದು ಬಗೆ: ಪೃಷ್ಠದಿಂದ ಹಿಮ್ಮಡಿಯವರೆಗೆ ಸೆಳೆತ. ಮಾತ್ರೆ ನುಂಗಿ ಸಾಕಾಗಿ ಮೈಸೂರಿಗೆ ಹೋದಾಗ ಡಾಕ್ಟರು ‘ಒಂದು ನರ್ವ್ ಬ್ಲಾಕ್ ಮಾಡಿ ನೋಡೋಣ’ ಎನ್ನುತ್ತಾರೆ. ನರಕ್ಕೇ ಚುಚ್ಚಿದರೆ ಕಾಲು ಬಿದ್ದುಹೋಗುತ್ತದೇನೋ ಎಂದು ಮನೆಯವರು ಹೆದರುತ್ತಾರೆ.

ಸೂಜಿ ಹೋಗುವುದು ನರದೊಳಕ್ಕಲ್ಲ, ನರದ ಪಕ್ಕಕ್ಕೆ. ಅಲ್ಲಿ ಬಿಡುವ ಔಷಧಿ ಲಿಗ್ನೊಕೇನ್ ಅಥವಾ ಬ್ಯುಪಿವಕೇನ್. ಹಲ್ಲು ಕೀಳುವ ಮುಂಚೆ ವಸಡು ಜೋಮು ಹಿಡಿಸುವುದೂ ಇದೇ ಜಾತಿಯ ಔಷಧಿ. ನೋವಿನ ಸುದ್ದಿ ನರದಲ್ಲಿ ಹರಿಯಬೇಕಾದರೆ ಸೋಡಿಯಂ ಕಣಗಳು ನರತಂತುವಿನ ಒಳಕ್ಕೆ ನುಗ್ಗಬೇಕು. ಔಷಧಿ ಆ ದಾರಿಯನ್ನೇ ಮುಚ್ಚುತ್ತದೆ. ಕಬಿನಿ ನಾಲೆಯ ತೂಬು ಇಳಿಸಿದರೆ ಕೆಳಗಿನ ಗದ್ದೆಗೆ ನೀರು ನಿಲ್ಲುವ ಹಾಗೆ, ನೋವು ಮಿದುಳಿಗೆ ಮುಟ್ಟುವುದು ನಿಲ್ಲುತ್ತದೆ. ಲಿಗ್ನೊಕೇನ್ ಕೆಲಸ ಒಂದೆರಡು ಗಂಟೆ. ಬ್ಯುಪಿವಕೇನ್‌ದು ಇನ್ನೂ ಹೆಚ್ಚು ಹೊತ್ತು. ಜೊತೆಗೆ ಎಷ್ಟೋ ಸಲ ಸ್ಟೀರಾಯ್ಡ್ ಬೆರೆಸುತ್ತಾರೆ. ಅದು ನರದ ಸುತ್ತಲಿನ ಊತ ಇಳಿಸುತ್ತದೆ, ಆದರೆ ಗುಣ ಕಾಣಲು ಕೆಲವು ದಿನ ಬೇಕು.

ಮಧ್ಯದ ಈ ಅಂತರ ಗೊತ್ತಿಲ್ಲದೆ ಬಹಳ ಜನ ಮೋಸಹೋಗುತ್ತಾರೆ. ಬೆಳಿಗ್ಗೆ ಇಂಜೆಕ್ಷನ್ ಆಗಿ ಮಧ್ಯಾಹ್ನ ಹಾಯೆನಿಸುತ್ತದೆ, ರಾತ್ರಿ ನೋವು ವಾಪಸ್ಸು ಬರುತ್ತದೆ. ‘ದುಡ್ಡು ದಂಡ’ ಎಂದು ಮತ್ತೆ ಆ ಕಡೆ ತಲೆಯೇ ಹಾಕುವುದಿಲ್ಲ. ಅಸಲಿಗೆ ಡಾಕ್ಟರಿಗೆ ಬೇಕಾದ ಸುದ್ದಿ ಆ ಮಧ್ಯಾಹ್ನದ್ದೇ. ಜೋಮು ಇದ್ದಷ್ಟು ಹೊತ್ತು ನೋವು ಅಡಗಿತ್ತೆಂದರೆ ಅವರು ಗುರಿಯಿಟ್ಟ ನರವೇ ಕಳ್ಳ. ಚರ್ಮ ಜೋಮು ಹಿಡಿದೂ ನೋವು ಕದಲದಿದ್ದರೆ ಮೂಲ ಬೇರೆಲ್ಲೋ ಇದೆ. ಒಂದು ಹಾಳೆ ಇಟ್ಟುಕೊಂಡು, ಹತ್ತಕ್ಕೆ ಎಷ್ಟು ನೋವು ಎಂದು ಗಂಟೆಗೊಮ್ಮೆ ಬರೆದಿಡಿ. ದುಬಾರಿ ಸ್ಕ್ಯಾನ್ ಹೇಳದ್ದನ್ನು ಆ ಹಾಳೆ ಹೇಳುವುದುಂಟು.

ಚಿಕಿತ್ಸೆ ನಡೆಯುವುದು ಹೀಗೆ. ಬೋರಲಾಗಿ ಅಥವಾ ಮಗ್ಗುಲಾಗಿ ಮಲಗಿಸಿ, ಔಷಧಿ ಹಚ್ಚಿ ಒರೆಸಿ, ಅಲ್ಟ್ರಾಸೌಂಡಿನಲ್ಲೋ ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದಲ್ಲೋ ಸೂಜಿಯ ದಾರಿ ನೋಡುತ್ತಾರೆ. ‘ಅವ್ವಾ, ಶಾಕ್ ಹೊಡೆದಂಗೆ ಆದ್ರೆ ತಕ್ಷಣ ಹೇಳಿ, ಅಲುಗಾಡಬೇಡಿ’ ಎನ್ನುತ್ತಾರೆ. ಹೇಳಲು ಸಂಕೋಚ ಬೇಡ. ಹಾಗೆ ಹೊಡೆದರೆ ಸೂಜಿ ನರಕ್ಕೆ ತೀರಾ ಹತ್ತಿರ ಬಂದಿರಬಹುದು. ಕಿವಿ ಗುಂಯ್‌ಗುಟ್ಟಿದರೆ, ಬಾಯಿ ಸುತ್ತ ಜೋಮು ಹಿಡಿದರೆ ಅದನ್ನೂ ಹೇಳಿ. ಔಷಧಿ ರಕ್ತಕ್ಕೆ ಸೇರುತ್ತಿರುವ ಸೂಚನೆ ಅದು. ಚುಚ್ಚುವ ಕೆಲಸ ಬೇಗ ಮುಗಿಯುತ್ತದೆ, ಆಮೇಲೆ ಸ್ವಲ್ಪ ಹೊತ್ತು ಕೂರಿಸಿಕೊಳ್ಳುತ್ತಾರೆ. ಕಾಲಿಗೆ ಹೋಗುವ ನರವಾದರೆ ಆ ದಿನ ಕಾಲು ಸೋಲಬಹುದು. ಬೈಕಿನಲ್ಲಿ ಒಬ್ಬರೇ ಹೋಗಿಬರುವ ಯೋಚನೆ ಬೇಡ. ಜೊತೆಗೆ ಒಬ್ಬರಿರಲಿ.

ಎಲ್ಲ ಉರಿಗೂ ಇದು ಮದ್ದಲ್ಲ. ಸಕ್ಕರೆ ಕಾಯಿಲೆಯಿಂದ ಎರಡೂ ಅಂಗಾಲು ಉರಿಯುವವರಿಗೆ ಸಾಮಾನ್ಯವಾಗಿ ಇದು ದಾರಿಯಲ್ಲ. ಸಕ್ಕರೆ ಹತೋಟಿ, ಪ್ರಿಗ್ಯಾಬಲಿನ್, ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆಗಳೇ ಗತಿ. ಡಿಸ್ಕ್ ಒತ್ತಿ ಕಾಲು ಸೆಳೆಯುವವರಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ, ಅದೃಷ್ಟವಿದ್ದರೆ ಕೆಲವು ತಿಂಗಳು ನೋವು ತಗ್ಗಿಸುತ್ತದೆ, ಡಿಸ್ಕನ್ನು ಸರಿಮಾಡುವುದಿಲ್ಲ. ನೋವು ತಗ್ಗಿದ ಆ ಅವಧಿಯಲ್ಲಿ ವ್ಯಾಯಾಮ ಶುರುಮಾಡದವರಿಗೆ ಲಾಭ ಕಡಿಮೆ ಎಂದೇ ನನ್ನ ಅಭಿಪ್ರಾಯ. ‘ಒಂದೇ ಸೂಜಿಗೆ ಶಾಶ್ವತ ಪರಿಹಾರ’ ಎಂಬ ಬೋರ್ಡು ಕಂಡರೆ ಮುಂದೆ ನಡೆಯಿರಿ.

ಸರ್ಪಸುತ್ತಿಗೆ ಇನ್ನೊಂದು ಮಾತು. ಟಿಪ್ಪುವಿನ ಆನೆಯ ಕಣ್ಣು ವಾಸಿಮಾಡಿ ‘ಹಕೀಂ ನಂಜುಂಡ’ ಎನಿಸಿಕೊಂಡನೆಂಬ ಕಥೆಯಿರುವ ದೇವರ ಊರು ನಂಜನಗೂಡು. ಬೇಕಾದರೆ ಆ ದೇವರಿಗೆ ಹರಕೆ ಹೊರಿ, ಕೆಮ್ಮಣ್ಣು ಹಚ್ಚುವವರನ್ನು ತಡೆಯುವುದೂ ಕಷ್ಟ. ಆದರೆ ಗುಳ್ಳೆ ಕಂಡ 72 ಗಂಟೆಯೊಳಗೆ ತಾಲ್ಲೂಕು ಆಸ್ಪತ್ರೆಗೆ ಹೋಗಿ ಏಸೈಕ್ಲೊವಿರ್ ಮಾತ್ರೆ ಶುರುಮಾಡಿಸಿ. ಬ್ಲಾಕ್‌ಗಿಂತ ಅಗ್ಗ, ಸಮಯವೇ ಅದರ ಬಲ.

ಈ ಚಿಕಿತ್ಸೆ ಮಾಡುವವರಲ್ಲಿ ಹೆಚ್ಚಿನವರು ಅರಿವಳಿಕೆ ತಜ್ಞರು. ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆಯಂಥ ಕಡೆ ಅವರ ವಿಭಾಗದಲ್ಲೇ ವಿಚಾರಿಸಿ. ಬಿಪಿಎಲ್ ಕಾರ್ಡಿದ್ದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ರಕ್ತ ತೆಳುವಾಗಿಸುವ ಮಾತ್ರೆ (ಕ್ಲೊಪಿಡೊಗ್ರೆಲ್, ವಾರ್ಫರಿನ್) ತಗೊಳ್ಳುತ್ತಿದ್ದರೆ ತಪ್ಪದೆ ಹೇಳಿ. ನೀವೇ ನಿಲ್ಲಿಸಬೇಡಿ, ಹೃದಯದ ಡಾಕ್ಟರನ್ನು ಕೇಳಿಯೇ ನಿಲ್ಲಿಸಬೇಕು. ಸ್ಟೀರಾಯ್ಡ್ ಬಿದ್ದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ, ಮನೆಯಲ್ಲಿ ಪರೀಕ್ಷಿಸಿಕೊಳ್ಳುತ್ತಿರಿ.

ಮನೆಗೆ ಬಂದ ಮೇಲೆ ಜ್ವರ, ಚುಚ್ಚಿದ ಜಾಗದಲ್ಲಿ ಕೀವು, ಮರುದಿನವೂ ಬಿಡದ ಕಾಲಿನ ಬಲಹೀನತೆ, ಮೂತ್ರ ಕಟ್ಟುವುದು, ಪಕ್ಕೆಗೆ ಚುಚ್ಚಿಸಿಕೊಂಡವರಿಗೆ ಉಸಿರು ಸಿಕ್ಕಿಕೊಳ್ಳುವುದು — ಇವುಗಳಲ್ಲಿ ಒಂದು ಕಂಡರೂ ಮುಂದಿನ ತಾರೀಖಿಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.