ಮೊಗವೂ ಉಡುಗೆಯೂ

(ಬಾನುಲಿ ಭಾಷಣ)

ನಮ್ಮ ನಡುಮನೆಯ ಗೋಡೆಯ ಮೇಲೆ ನನ್ನ ತಾಯಿಯ ಚಿತ್ರವೊಂದಿದೆ. ಅವರು ತೀರಿಕೊಂಡಾಗ ಮನೆಯಲ್ಲಿ ಅವರದೆಂದು ಇದ್ದದ್ದು ಒಂದೇ ಭಾವಚಿತ್ರ. ಅದೂ ಯಾರದೋ ಮದುವೆಯಲ್ಲಿ ತೆಗೆದ ಗುಂಪಿನ ಚಿತ್ರದ ಒಂದು ಮೂಲೆಯಲ್ಲಿ, ಹೆಬ್ಬೆರಳಿನ ಉಗುರಿನಷ್ಟು ಮುಖ. ಅದನ್ನೇ ಒಂದು ಸ್ಟುಡಿಯೋಗೆ ಕೊಟ್ಟೆವು. ಹಿಗ್ಗಿಸಿ, ಬಣ್ಣ ತುಂಬಿ, ಕಟ್ಟು ಹಾಕಿಸಿ ತಂದಾಗ ನೋಡುತ್ತೇವೆ: ಅಮ್ಮ ಅಂಗೈಯಗಲದ ಜರಿಯಂಚಿನ ರೇಷ್ಮೆ ಸೀರೆ ಉಟ್ಟಿದ್ದಾರೆ, ಕೊರಳಲ್ಲಿ ಎರಡೆಳೆಯ ಸರ. ಅಮ್ಮ ನೂಲಿನ ಸೀರೆಯಲ್ಲದೆ ಬೇರೆ ಉಟ್ಟದ್ದನ್ನು ನಾವು ಕಂಡದ್ದೇ ಕಡಿಮೆ. ಆ ಸರವಂತೂ ಮನೆಯಲ್ಲಿ ಎಂದೂ ಇರಲಿಲ್ಲ. ಚಿತ್ರಗಾರ ತನ್ನ ಔದಾರ್ಯದಿಂದ ತೊಡಿಸಿದ್ದ. ನನ್ನ ಅಕ್ಕ, “ಇದು ಅಮ್ಮ ಅಲ್ಲ ಕಣೋ” ಎಂದು ಕಣ್ಣೊರಸಿಕೊಂಡಳು. ತಂಗಿ, “ಇದ್ದಾಗಲಂತೂ ಉಡಲಿಲ್ಲ, ಈಗಲಾದರೂ ಉಡಲಿ ಬಿಡಣ್ಣ” ಎಂದಳು. ಮೂವತ್ತು ವರ್ಷ ಅಲಂಕಾರಶಾಸ್ತ್ರದ ಪಾಠ ಹೇಳಿದವನಾದ ನಾನು ಇಬ್ಬರಲ್ಲಿ ಯಾರು ಸರಿ ಎಂದು ಹೇಳಲಾರದೆ ಹೋದೆ.

ಯೋಚಿಸಿ ನೋಡಿದರೆ, ವ್ಯಕ್ತಿಚಿತ್ರ ಬರೆಯುವ ಪ್ರತಿಯೊಬ್ಬ ಕಲಾವಿದನ ಮುಂದೆಯೂ ಇದೇ ಪ್ರಶ್ನೆ ಇದೆ. ಮುಖ ಒಬ್ಬರದು, ಉಡುಪು ಹಲವರದು. ಅದರಲ್ಲಿ ನೇಯ್ದವನ, ಹೊಲಿದವನ, ಊರಿನ, ಕಾಲದ, ಅಂತಸ್ತಿನ ಪಾಲಿದೆ. ಹೀಗಿರುವಾಗ ಚಿತ್ರದಲ್ಲಿ ಯಾವುದಕ್ಕೆ ಎಷ್ಟು ಎಡೆ? ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಇದಕ್ಕೆ ಸುಲಭವಾದ ಒಂದು ಉತ್ತರ ಕಂಡುಕೊಂಡಿದ್ದರು. ಹೆಸರಾಂತ ಚಿತ್ರಕಾರರು ಮುಖವನ್ನು ಮಾತ್ರ ಬರೆದು, ಉಡುಪಿನ ಭಾಗವನ್ನು ಅದರಲ್ಲೇ ನುರಿತ ಬೇರೊಬ್ಬರಿಗೆ ಒಪ್ಪಿಸುತ್ತಿದ್ದರು. ಜೋಸೆಫ್ ವಾನ್ ಆಕೆನ್ ಎಂಬಾತ ಹೀಗೆ ಅನೇಕರ ಚಿತ್ರಗಳಿಗೆ ರೇಷ್ಮೆಯನ್ನೂ ಮಕಮಲ್ಲನ್ನೂ ಬರೆದುಕೊಟ್ಟು ಹೆಸರಾದ. ಅಂದರೆ ಉಡುಪು ಹೊರಗಿನದು, ಮೇಲಿನಿಂದ ಇಟ್ಟದ್ದು ಎಂಬ ಭಾವನೆ.

ಈ ಭಾವನೆಯನ್ನು ತಲೆಕೆಳಗು ಮಾಡಿದ ಒಬ್ಬ ಕಲಾವಿದನನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಆತ ಆಸ್ಟ್ರಿಯಾ ದೇಶದ ವಿಯೆನ್ನಾ ನಗರದ ಗುಸ್ತಾವ್ ಕ್ಲಿಮ್ಟ್. ಹುಟ್ಟಿದ್ದು 1862ರಲ್ಲಿ. ತಂದೆ ಚಿನ್ನದ ಮೇಲೆ ಕೆತ್ತನೆ ಮಾಡುವ ಕಸಬಿನವನು. ಮಗ ಕಲಿತದ್ದು ಕುಶಲಕಲೆಗಳ ಶಾಲೆಯಲ್ಲಿ. ಆದ್ದರಿಂದ ‘ಇದು ದೊಡ್ಡ ಕಲೆ, ಇದು ಬರಿಯ ಕಸಬು’ ಎಂಬ ಭೇದವನ್ನು ಆತ ಬಹಳವಾಗಿ ಒಪ್ಪಿದವನಲ್ಲ. 1897ರಲ್ಲಿ ವಿಯೆನ್ನಾದ ಹೊಸ ಕಲಾವಿದರು ಹಳೆಯ ಸಂಘದಿಂದ ಸಿಡಿದು ಬೇರೆಯಾದಾಗ ಅವರ ಮೊದಲ ಅಧ್ಯಕ್ಷನಾದವನು ಈತನೇ. ಮನೆ, ಮೇಜು, ಬಟ್ಟಲು, ಬಟ್ಟೆ ಎಲ್ಲವೂ ಕಲೆಯಾಗಬೇಕು ಎಂಬುದು ಆ ಗುಂಪಿನವರ ಹಂಬಲವಾಗಿತ್ತು.

ಕ್ಲಿಮ್ಟನ ತಮ್ಮ ಮದುವೆಯಾದದ್ದು ಫ್ಲೊಗೆ ಎಂಬ ಮನೆತನದ ಹೆಣ್ಣನ್ನು. ಆಕೆಯ ತಂಗಿ ಎಮಿಲಿ. ತಮ್ಮ 1892ರಲ್ಲಿ ತೀರಿಕೊಂಡ ಮೇಲೂ ಆ ಮನೆಯ ನಂಟು ಕಡಿಯಲಿಲ್ಲ. ಎಮಿಲಿಯೂ ಕ್ಲಿಮ್ಟನೂ ಮದುವೆಯಾಗದೆಯೇ ಕೊನೆಯವರೆಗೆ ಆಪ್ತ ಸಂಗಾತಿಗಳಾಗಿದ್ದರು. 1904ರಲ್ಲಿ ಎಮಿಲಿ ತನ್ನ ಅಕ್ಕಂದಿರೊಡನೆ ವಿಯೆನ್ನಾದ ದೊಡ್ಡ ಅಂಗಡಿಬೀದಿಯೊಂದರಲ್ಲಿ ಉಡುಪಿನ ಮಳಿಗೆ ತೆರೆದಳು. ಹೊಸ ಮಾದರಿಗಳನ್ನು ಅರಸಿ ಪ್ಯಾರಿಸ್ಸಿಗೂ ಲಂಡನ್ನಿಗೂ ಹೋಗಿಬರುತ್ತಿದ್ದಳು. ಹಳ್ಳಿಗಾಡಿನ ಕಸೂತಿಯ ತುಂಡುಗಳನ್ನು ಕೂಡಿಹಾಕಿ ಮಳಿಗೆಯಲ್ಲಿ ಇರಿಸಿದ್ದಳು.

ಆ ಕಾಲದ ಯುರೋಪಿನ ಕುಲೀನ ಹೆಂಗಸರು ನಡುವನ್ನು ಕಾರ್ಸೆಟ್ ಎಂಬ ಬಿಗಿಕವಚದಿಂದ ಬಿಗಿದುಕೊಳ್ಳುತ್ತಿದ್ದರೆಂಬುದು ನಿಮಗೆ ಗೊತ್ತಿರಬಹುದು. ಇದು ಮೈಗೆ ಕೇಡೆಂದು ವೈದ್ಯರೂ, ಹೆಣ್ಣಿನ ಸ್ವಾತಂತ್ರ್ಯಕ್ಕೆ ಕೇಡೆಂದು ಸುಧಾರಕರೂ ಹೇಳತೊಡಗಿದ್ದರು. ಅದಕ್ಕೆ ಬದಲಾಗಿ ಬಂದದ್ದು ‘ಸುಧಾರಣೆಯ ಉಡುಪು’: ಹೆಗಲಿನಿಂದ ಸಡಿಲವಾಗಿ ಪಾದದವರೆಗೆ ಇಳಿಯುವ ನಿಲುವಂಗಿ. ಎಮಿಲಿ ಇಂಥ ಉಡುಪುಗಳನ್ನು ತೊಟ್ಟು ನಿಂತಾಗ ಕ್ಲಿಮ್ಟನೇ ಬೇಸಗೆಯ ಸರೋವರದ ದಂಡೆಯಲ್ಲಿ ಆಕೆಯ ಛಾಯಾಚಿತ್ರಗಳನ್ನು ತೆಗೆದಿದ್ದಾನೆ. ತಾನು ಚಿತ್ರ ಬರೆಯುವಾಗ ತೊಡುತ್ತಿದ್ದದ್ದೂ ಅಂಥದೇ ಒಂದು ಉದ್ದನೆಯ ನೀಲಿ ನಿಲುವಂಗಿ.

1902ರಲ್ಲಿ ಆತ ಬರೆದ ಎಮಿಲಿಯ ಚಿತ್ರ ಈಗ ವಿಯೆನ್ನಾ ನಗರದ ವಸ್ತುಸಂಗ್ರಹಾಲಯದಲ್ಲಿದೆ. ನಾನು ಅದನ್ನು ಮೊದಲು ಕಂಡದ್ದು ಕಾಲೇಜಿನ ಗ್ರಂಥಾಲಯದ ಒಂದು ಕಲಾಪುಸ್ತಕದಲ್ಲಿ. ಆಳುದ್ದದ ಚಿತ್ರ. ನೀಲಿಯ ಉಡುಪು, ಅದರ ತುಂಬ ಸುಳಿಗಳು, ಹೊನ್ನಿನ ಚೌಕಗಳು, ಚುಕ್ಕೆಗಳು. ಒಂದು ಕೈ ನಡುವಿನ ಮೇಲೆ. ಉಡುಪಿನೊಳಗೆ ಮೈ ಎಲ್ಲಿದೆ ಎಂದು ಹುಡುಕಬೇಕು. ಆದರೆ ಆ ನೀಲಿಯ ಮೇಲೆ ಮುಖ ಥಟ್ಟನೆ ಎದುರಾಗುತ್ತದೆ. ಯಾರ ಅಪ್ಪಣೆಯನ್ನೂ ಕಾಯದ, ಸ್ವಂತ ದುಡಿಮೆಯ ಹೆಣ್ಣಿನ ಮುಖ. ಇಷ್ಟಾಗಿಯೂ ಮನೆಯವರಿಗೆ ಆ ಚಿತ್ರ ಹಿಡಿಸಲಿಲ್ಲವಂತೆ. 1908ರಲ್ಲಿ ಅದು ಮಾರಾಟವಾಯಿತು. ನಮ್ಮ ಅಕ್ಕನಂಥವರು ಎಲ್ಲ ಊರಿನಲ್ಲಿಯೂ ಇರುತ್ತಾರೆ!

ಇಲ್ಲಿ ನಮ್ಮ ಕಾವ್ಯಮೀಮಾಂಸೆಯ ಒಂದು ಮಾತು ನೆನಪಿಗೆ ಬರುತ್ತದೆ. ಕಾವ್ಯದ ಧ್ವನಿಯನ್ನು ಆನಂದವರ್ಧನ ಹೆಂಗಳೆಯರ ಲಾವಣ್ಯಕ್ಕೆ ಹೋಲಿಸಿದ್ದಾನೆ. ಅದು ಕಣ್ಣು, ಮೂಗು ಮುಂತಾದ ಯಾವ ಒಂದು ಅವಯವವೂ ಅಲ್ಲ. ಎಲ್ಲವನ್ನೂ ಮೀರಿ ಹೊಳೆಯುವಂಥದು. ಹಾಗಾದರೆ ಒಡವೆ ಏತಕ್ಕೆ? ಒಡವೆ ಮುಖವನ್ನು ಮರೆಸಿದರೆ ಭಾರ. ಮುಖವನ್ನು ಕಾಣಿಸಿದರೆ ಅಲಂಕಾರ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಉಪಮೆ, ರೂಪಕಗಳ ಉದಾಹರಣೆಯಿಂದ ಹೇಳುತ್ತಿದ್ದೆ. ಕ್ಲಿಮ್ಟನ ಚಿತ್ರಗಳನ್ನು ಮುಂದಿಟ್ಟು ಹೇಳಿದ್ದರೆ ಇನ್ನೂ ಬೇಗ ತಿಳಿಯುತ್ತಿತ್ತೇನೋ.

ಆತನ ಅತ್ಯಂತ ಪ್ರಸಿದ್ಧ ಚಿತ್ರ ಅಡೆಲೆ ಬ್ಲಾಖ್-ಬೌವರ್ ಎಂಬಾಕೆಯದು. ಆಕೆ ಸಕ್ಕರೆ ಉದ್ಯಮಿಯೊಬ್ಬನ ಪತ್ನಿ. 1903ರಲ್ಲಿ ಒಪ್ಪಿಕೊಂಡ ಕೆಲಸ ಮುಗಿದದ್ದು 1907ರಲ್ಲಿ. ಈ ನಡುವೆ ಆತ ಆಕೆಯ ನೂರಕ್ಕೂ ಹೆಚ್ಚು ರೇಖಾಚಿತ್ರಗಳನ್ನು ಬರೆದ. ಇಟಲಿಯ ರಾವೆನ್ನಾಕ್ಕೆ ಹೋಗಿ, ಅಲ್ಲಿನ ಹಳೆಯ ಚರ್ಚುಗಳ ಗೋಡೆಗಳಲ್ಲಿ ಬಣ್ಣದ, ಹೊನ್ನಿನ ಹರಳುಗಳನ್ನು ಜೋಡಿಸಿ ಮಾಡಿದ ಚಿತ್ರಗಳನ್ನು ನೋಡಿ ಬಂದ. ನಮ್ಮ ಮೈಸೂರು ಶೈಲಿಯಲ್ಲಿ ದೇವತೆಗಳ ಒಡವೆಗಳಿಗೆ ಚಿನ್ನದ ರೇಕು ಅಂಟಿಸುತ್ತಾರಲ್ಲವೆ, ಹಾಗೆ ಈತನೂ ಚಿನ್ನ, ಬೆಳ್ಳಿಗಳ ರೇಕು ಬಳಸಿದ. ಉಡುಪಿನ ತುಂಬ ಕಣ್ಣಿನಾಕಾರದ ಚಿತ್ತಾರ, ನಡುನಡುವೆ ಆಕೆಯ ಹೆಸರಿನ ಮೊದಲ ಅಕ್ಷರಗಳು. ಉಡುಪು ಎಲ್ಲಿ ಮುಗಿಯಿತು, ಕುರ್ಚಿ ಎಲ್ಲಿ ಮೊದಲಾಯಿತು, ಗೋಡೆ ಯಾವುದು, ಒಂದೂ ತಿಳಿಯದು. ಆ ಹೊನ್ನಿನ ಹೊಳೆಯಲ್ಲಿ ಮುಳುಗದೆ ಉಳಿದವು ಮುಖ, ಹೆಗಲು, ಬೆಸೆದ ಎರಡು ಕೈಗಳು. ಅಷ್ಟು ಚಿನ್ನದ ನಡುವೆ ಆ ಮುಖ ದಣಿದಂತೆ, ಏನನ್ನೋ ಹೇಳಲು ಹೊರಟು ತಡೆದಂತೆ ಕಾಣುತ್ತದೆ.

ಅಡೆಲೆ 1925ರಲ್ಲಿ ತೀರಿಕೊಂಡಳು. 1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ನುಂಗಿದಾಗ ಯೆಹೂದಿಗಳಾದ ಆ ಮನೆಯವರ ಸೊತ್ತೆಲ್ಲ ಕೈತಪ್ಪಿತು. ಆಕೆಯ ಚಿತ್ರವನ್ನು ನಾಜಿ ಕಾಲದಲ್ಲಿ ಪ್ರದರ್ಶಿಸಿದರು, ಆದರೆ ಆಕೆಯ ಹೆಸರನ್ನು ಕೈಬಿಟ್ಟು. ಹೊನ್ನಿನ ಹಿನ್ನೆಲೆಯ ಒಬ್ಬ ಮಹಿಳೆ, ಅಷ್ಟೆ. ಉಡುಪು ಬೇಕಾಯಿತು, ಉಟ್ಟವಳು ಬೇಡವಾದಳು. ಅಡೆಲೆಯ ಗಂಡನ ಹಾಗೂ ಅಕ್ಕನ ಕುಟುಂಬದವಳಾದ ಮರಿಯಾ ಆಲ್ಟ್‌ಮನ್ ಹಲವು ವರ್ಷ ಹೋರಾಡಿ 2006ರಲ್ಲಿ ಅದನ್ನು ಮರಳಿ ಪಡೆದಳು. ಈಗ ಅದು ನ್ಯೂಯಾರ್ಕಿನ ಒಂದು ಕಲಾಶಾಲೆಯಲ್ಲಿ, ಅಡೆಲೆಯ ಹೆಸರಿನಲ್ಲಿಯೇ ಇದೆ.

ಇನ್ನೊಂದು ಸ್ವಾರಸ್ಯದ ಸಂಗತಿ. 1916ರಲ್ಲಿ ಫ್ರೀಡರಿಕೆ ಬೇರ್ ಎಂಬ ತರುಣಿ ತನ್ನ ಚಿತ್ರಕ್ಕಾಗಿ ತುಪ್ಪಳಿನ ಬೆಲೆಬಾಳುವ ಮೇಲಂಗಿ ತೊಟ್ಟು ಬಂದಳು. ಕ್ಲಿಮ್ಟ್ ಅದನ್ನು ಒಳಮಗ್ಗುಲು ಹೊರಗೆ ಬರುವಂತೆ ತಿರುಗಿಸಿ ತೊಡಲು ಹೇಳಿದ. ಒಳಗಿನ ಅಸ್ತರಿನ ರೇಷ್ಮೆಯ ಚಿತ್ತಾರ ಆತನಿಗೆ ಹೆಚ್ಚು ಹಿಡಿಸಿತ್ತು! ಜಗತ್ತಿಗೆ ತೋರಿಸಲೆಂದು ಕೊಂಡದ್ದು ಒಳಗಾಯಿತು. ತನಗಷ್ಟೇ ತಿಳಿದಿದ್ದದ್ದು ಹೊರಗೆ ಬಂತು. ವ್ಯಕ್ತಿಚಿತ್ರದ ಕೆಲಸವೇ ಇದಲ್ಲವೆ?

1918ರ ಜನವರಿಯಲ್ಲಿ ಕ್ಲಿಮ್ಟನಿಗೆ ಲಕ್ವ ಹೊಡೆಯಿತು. ಫೆಬ್ರವರಿ 6ರಂದು ತೀರಿಕೊಂಡ. ಅರ್ಧಕ್ಕೆ ನಿಂತ ಚಿತ್ರಗಳು ಆತನ ಕೆಲಸದ ಕ್ರಮವನ್ನು ಹೊರಗೆಡವಿದವು. ‘ವಧು’ ಎಂಬ ಚಿತ್ರದಲ್ಲಿ ಆತ ಮೊದಲು ಮೈಯನ್ನು ಬರೆದು, ಅದರ ಮೇಲೆ ಚಿತ್ತಾರದ ಬಟ್ಟೆಯನ್ನು ಹೊದಿಸುತ್ತಿದ್ದದ್ದು ಕಾಣುತ್ತದೆ. ಅಮಾಲಿ ಝುಕರ್‌ಕಾಂಡ್ಲ್ ಎಂಬಾಕೆಯ ಚಿತ್ರವೂ ಹಾಗೆಯೇ ಉಳಿಯಿತು. ಮುಖ, ಕೊರಳು, ಹೆಗಲುಗಳು ಪೂರ್ತಿಯಾಗಿವೆ. ಕೆಳಗೆ ಹರಡಿದ ಉಡುಪು ಬರಿಯ ಗೆರೆ. ಅದು ಎಂಥ ಉಡುಪಾಗುತ್ತಿತ್ತೋ, ಬರೆಯುವವನೇ ಹೋದ. ಆ ಅಮಾಲಿಯನ್ನು 1942ರಲ್ಲಿ ನಾಜಿಗಳು ಮಗಳೊಡನೆ ಕೊಂದರು. ಈ ಚಿತ್ರವನ್ನು ನೋಡುವಾಗ ಅದು ಅಪೂರ್ಣವೆಂದು ನನಗೆ ಅನ್ನಿಸುವುದಿಲ್ಲ. ಆ ಕಣ್ಣುಗಳು ನಮ್ಮನ್ನು ನೋಡುತ್ತಿವೆ, ಅಷ್ಟು ಸಾಕು.

ಈಗ ನಮ್ಮ ನಡುಮನೆಗೆ ಮರಳೋಣ. ಇದನ್ನೆಲ್ಲ ಓದಿಕೊಂಡ ಮೇಲೆ ಒಂದು ದಿನ ಅಮ್ಮನ ಚಿತ್ರವನ್ನು ಗೋಡೆಯಿಂದ ಇಳಿಸಿ, ಬೆಳಕಿಗೆ ಹಿಡಿದು ನೋಡಿದೆ. ಸ್ಟುಡಿಯೋದ ಚಿತ್ರಗಾರ ಸೀರೆಯನ್ನು ಬದಲಿಸಿದ್ದ, ಸರ ತೊಡಿಸಿದ್ದ. ಮುಖವನ್ನು ಮಾತ್ರ ತಿದ್ದಿರಲಿಲ್ಲ. ಮದುವೆಮನೆಯ ಅಂಗಳದ ಬಿಸಿಲಿಗೆ ಅಮ್ಮ ಕಣ್ಣನ್ನು ಕಿರಿದು ಮಾಡಿದ್ದರು. ಹುಬ್ಬುಗಳ ನಡುವೆ ಆ ಗೆರೆ ಹಾಗೆಯೇ ಇತ್ತು. ಮಧ್ಯಾಹ್ನದಲ್ಲಿ ಅಟ್ಟಕ್ಕೆ ಹಪ್ಪಳ ಒಣಹಾಕಿ ಇಳಿದು ಬರುವಾಗಲೂ ಅದೇ ಗೆರೆ ಇರುತ್ತಿತ್ತು. ಅಕ್ಕ ಹುಡುಕಿದ ಅಮ್ಮ ಅಲ್ಲಿಯೇ ಇದ್ದರು. ಸೀರೆಯನ್ನು ಮಾತ್ರ ನೋಡಿದ್ದರಿಂದ ನಮಗೆ ಕಾಣಲಿಲ್ಲ. ಆ ಸೀರೆಯೂ ಸುಳ್ಳಲ್ಲ. ಮೂರು ಮಕ್ಕಳು ದುಡಿಯುವಂತಾದ ಮೇಲೂ ತಾಯಿಗೆ ತಂದು ಉಡಿಸಲಾರದೆ ಹೋದ ಸೀರೆ ಅದು.

ಚಿತ್ರವನ್ನು ಮತ್ತೆ ಅದೇ ಮೊಳೆಗೆ ತೂಗುಹಾಕಿದೆ. ಹಳೆಯ ಗುಂಪಿನ ಚಿತ್ರವನ್ನು ಪೆಟ್ಟಿಗೆಯಿಂದ ಹುಡುಕಿ ತೆಗೆದು, ಅದರ ಹಿಂಬದಿಯಲ್ಲಿ ‘ಎಡಗಡೆಯಿಂದ ಕೊನೆಯವರು’ ಎಂದು ಗುರುತು ಹಾಕಿ, ಅಮ್ಮನ ಹೆಸರನ್ನು ಬರೆದಿದ್ದೇನೆ. ನಿಮ್ಮ ಮನೆಯ ಪೆಟ್ಟಿಗೆಗಳಲ್ಲಿಯೂ ಇಂಥ ಚಿತ್ರಗಳಿರುತ್ತವೆ. ಹೆಸರು ಬಲ್ಲವರು ಇರುವಾಗಲೇ ಬರೆದಿಡುವುದು ಒಳ್ಳೆಯದು.