ಸೌರ ದೀಪದ ಬ್ಯಾಟರಿ: ಚಾರ್ಜಿಂಗ್ ಮತ್ತು ಆರೈಕೆ

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿ ಸುತ್ತಿನ ಬಯಲುಸೀಮೆಯಲ್ಲಿ ಮಳೆಗೆ ಬರವುಂಟು, ಬಿಸಿಲಿಗೆ ಬರವಿಲ್ಲ. ನೆರೆಯ ಪಾವಗಡ ತಾಲ್ಲೂಕಿನಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನ ಸ್ಥಾಪನೆಯಾಗಿರುವುದೇ ಇದಕ್ಕೆ ಸಾಕ್ಷಿ. ವಿದ್ಯುತ್ ಕಂಬ ತಲುಪದ ತೋಟದ ಮನೆ ಮತ್ತು ಕುರಿ ರೊಪ್ಪಗಳಿಗೆ ಸೌರ ದೀಪ ಬಹು ಉಪಯುಕ್ತ. ಸೌರ ಫಲಕವು 20 ವರ್ಷಕ್ಕೂ ಹೆಚ್ಚು ಬಾಳುತ್ತದೆ. ಆದರೆ ಆರೈಕೆಯಿಲ್ಲದ ಬ್ಯಾಟರಿ ಎರಡು ವರ್ಷವೂ ಬಾಳದೆ, ರೈತನ ಮೇಲೆ ಮತ್ತೆ ಸಾವಿರಾರು ರೂಪಾಯಿಗಳ ಖರ್ಚು ಹೊರಿಸಬಹುದು.

ಟ್ರ್ಯಾಕ್ಟರ್ ಬ್ಯಾಟರಿ ಬೇರೆ

ಟ್ರ್ಯಾಕ್ಟರ್ ಬ್ಯಾಟರಿಯ ಪ್ಲೇಟುಗಳು ತೆಳು. ಎಂಜಿನ್ ಚಾಲೂ ಮಾಡಲು ಕೆಲವು ಸೆಕೆಂಡು ಹೆಚ್ಚು ಕರೆಂಟು ಕೊಡುವುದಷ್ಟೇ ಅದರ ಕೆಲಸ. ರಾತ್ರಿಯಿಡೀ ದೀಪ ಉರಿಸಿದರೆ ಅದು ಬೇಗ ಕೆಡುತ್ತದೆ. ಸೌರ ದೀಪಕ್ಕೆ ದಪ್ಪ ಪ್ಲೇಟುಗಳುಳ್ಳ ಟ್ಯೂಬುಲರ್ ಬ್ಯಾಟರಿಯನ್ನೇ ಬಳಸಬೇಕು.

ಬ್ಯಾಟರಿ ಏಕೆ ಕೆಡುತ್ತದೆ?

ಕರೆಂಟು ಬಳಸಿದಂತೆಲ್ಲ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಕೂಡುತ್ತದೆ. ಚಾರ್ಜ್ ಆದಾಗ ಅದು ಕರಗಿ ಹೋಗುತ್ತದೆ. ಬ್ಯಾಟರಿಯನ್ನು ಅರೆಬರೆ ಚಾರ್ಜಿನಲ್ಲೇ ವಾರಗಟ್ಟಲೆ ಬಿಟ್ಟರೆ ಈ ಸಲ್ಫೇಟ್ ಗಟ್ಟಿಯಾಗಿ, ಮತ್ತೆ ಕರಗದೆ ಉಳಿಯುತ್ತದೆ. ಆದುದರಿಂದ ತೆಗೆದಷ್ಟನ್ನು ತುಂಬುವುದೇ ಆರೈಕೆಯ ಮೊದಲ ಸೂತ್ರ.

ಲೆಕ್ಕ ಹೀಗೆ

12 ವೋಲ್ಟಿನ ವ್ಯವಸ್ಥೆಯಲ್ಲಿ 150 ವಾಟ್ ಫಲಕವು ಒಳ್ಳೆಯ ಬಿಸಿಲಿನಲ್ಲಿ ಸುಮಾರು 8 ಆಂಪಿಯರ್ ಕೊಡುತ್ತದೆ. ದಿನಕ್ಕೆ 5 ಗಂಟೆಯ ಪೂರ್ಣ ಬಿಸಿಲೆಂದರೆ 40 ಆಂಪಿಯರ್-ಗಂಟೆ. ನಷ್ಟ ಕಳೆದು ಕೈಗೆ ಸಿಗುವುದು ಸುಮಾರು 32. 9 ವಾಟಿನ ಮೂರು ಡಿ.ಸಿ. ದೀಪಗಳನ್ನು 5 ಗಂಟೆ ಉರಿಸಿದರೆ 11, 30 ವಾಟಿನ ಒಂದು ಡಿ.ಸಿ. ಫ್ಯಾನನ್ನು 8 ಗಂಟೆ ತಿರುಗಿಸಿದರೆ 20, ಒಟ್ಟು 31 ಆಂಪಿಯರ್-ಗಂಟೆ ಖರ್ಚಾಗುತ್ತದೆ. ಇದಕ್ಕೆ ಟಿ.ವಿ. ಸೇರಿಸಿದರೆ ದಿನವೂ ಸಾಲ ಬೆಳೆಯುತ್ತದೆ. ಆಗ ಫಲಕವನ್ನು ಹೆಚ್ಚಿಸಬೇಕು, ಇಲ್ಲವೆ ಬಳಕೆ ಇಳಿಸಬೇಕು. ಬ್ಯಾಟರಿಯ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡದಿರುವುದು ಲೇಸು. ಮೋಡ ಕವಿದ ದಿನಗಳಲ್ಲಿ ಫ್ಯಾನು ನಿಲ್ಲಿಸಿ, ದೀಪವನ್ನಷ್ಟೇ ಉಳಿಸಿಕೊಳ್ಳಬೇಕು.

ಪರೀಕ್ಷೆ

ಚಾರ್ಜಿಂಗ್ ಮತ್ತು ಬಳಕೆ ಎರಡನ್ನೂ ನಿಲ್ಲಿಸಿ ಕೆಲವು ಗಂಟೆಗಳ ನಂತರ ಅಳೆದಾಗ, ತುಂಬಿದ ಬ್ಯಾಟರಿ 12.5ರಿಂದ 12.7 ವೋಲ್ಟ್ ತೋರಿಸುತ್ತದೆ. ಸುಮಾರು 12.1 ಎಂದರೆ ಅರ್ಧ ಖಾಲಿ. ಹೈಡ್ರೋಮೀಟರಿನಿಂದ ಆರೂ ಕೋಶಗಳನ್ನು ಬೇರೆ ಬೇರೆಯಾಗಿ ನೋಡಬೇಕು. ಐದು ಸರಿಯಿದ್ದು ಒಂದರಲ್ಲಿ ಮಾತ್ರ ಸಾಂದ್ರತೆ ತೀರ ಕಡಿಮೆಯಿದ್ದರೆ ಆ ಕೋಶ ಕೆಟ್ಟಿರುವ ಸಂಭವವಿದೆ.

ನೀರು

* ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ 15 ದಿನಕ್ಕೊಮ್ಮೆ ಮಟ್ಟ ನೋಡತಕ್ಕದ್ದು.
* ಬಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕಬೇಕು. ಕೊಳವೆಬಾವಿಯ ನೀರಿನ ಲವಣಗಳು ಪ್ಲೇಟುಗಳನ್ನು ಹಾಳುಮಾಡುತ್ತವೆ. ಕುಡಿಯುವ ಶುದ್ಧೀಕರಿಸಿದ ನೀರೂ ಇದಕ್ಕೆ ಸಲ್ಲದು.
* ಕಡಿಮೆಯಾಗುವುದು ನೀರೇ ಹೊರತು ಆಮ್ಲವಲ್ಲ. ಆದುದರಿಂದ ಆಮ್ಲ ಸೇರಿಸಕೂಡದು.
* ಪೂರ್ಣ ಚಾರ್ಜ್ ಆದ ಮೇಲೆ ನೀರು ಹಾಕಬೇಕು. ಪ್ಲೇಟುಗಳು ಹೊರಗೆ ಕಾಣುತ್ತಿದ್ದರೆ ಅವು ಮುಳುಗುವಷ್ಟು ಮಾತ್ರ ಮೊದಲೇ ಹಾಕಬಹುದು.

ಇತರ ಎಚ್ಚರಿಕೆಗಳು

ಬ್ಯಾಟರಿಯನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ಇಡಬೇಕು. ಸೆಖೆ ಹೆಚ್ಚಿದಂತೆ ಅದರ ಆಯುಸ್ಸು ಕುಗ್ಗುತ್ತದೆ. ಚಾರ್ಜಾಗುವಾಗ ಹೊರಡುವ ಜಲಜನಕ ಅನಿಲ ಕಿಡಿ ತಾಗಿದರೆ ಸಿಡಿಯುತ್ತದೆ. ಆದ್ದರಿಂದ ಹತ್ತಿರ ಬೀಡಿ, ಬುಡ್ಡಿ ದೀಪ ತರಕೂಡದು. ಮಲಗುವ ಕೋಣೆಯಲ್ಲಿ ಬ್ಯಾಟರಿ ಇಡಬಾರದು. ತಂತಿ ಬಿಚ್ಚುವಾಗ ಋಣ ತುದಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಕೊನೆಗೆ ಜೋಡಿಸಬೇಕು. ತುದಿಗಳನ್ನು ಒರೆಸಿ ವ್ಯಾಸಲೀನ್ ಸವರಬೇಕು. ಆಮ್ಲ ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ಧಾರಾಳ ನೀರಿನಿಂದ ತೊಳೆದು ಕೂಡಲೇ ವೈದ್ಯರ ಬಳಿ ಹೋಗಬೇಕು.

ಸೌರ ಫಲಕದ ಮೇಲಿನ ಧೂಳನ್ನು ವಾರಕ್ಕೊಮ್ಮೆ ಬೆಳಗಿನ ತಂಪಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದರೆ ಚಾರ್ಜ್ ಸರಿಯಾಗಿ ಆಗುತ್ತದೆ. ಬಳಸದೆ ಇಡುವ ಬ್ಯಾಟರಿಯನ್ನು ಪೂರ್ತಿ ತುಂಬಿಸಿಟ್ಟು, ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಬೇಕು. ಹಳೆಯ ಬ್ಯಾಟರಿಯನ್ನು ಮನೆಯಲ್ಲಿ ಒಡೆಯುವುದಾಗಲಿ, ಸೀಸ ಕರಗಿಸುವುದಾಗಲಿ ಮಾಡದೆ ಮಾರಾಟಗಾರರಿಗೆ ಹಿಂದಿರುಗಿಸಬೇಕು. ಸೀಸವು ಮಕ್ಕಳಿಗೂ ದನಕರುಗಳಿಗೂ ವಿಷ.

ಈ ಕ್ರಮಗಳಿಗೆ ತಿಂಗಳಿಗೆ ಅರ್ಧ ಗಂಟೆ ಬಿಡುವು ಮತ್ತು ಒಂದು ಕ್ಯಾನು ಬಟ್ಟಿ ನೀರು ಸಾಕು. ಇವನ್ನು ತಪ್ಪದೆ ಪಾಲಿಸಿದಲ್ಲಿ ಬ್ಯಾಟರಿ ಹೆಚ್ಚು ವರ್ಷ ಬಾಳಿ, ತೋಳದ ಭಯವಿರುವ ರೊಪ್ಪದಲ್ಲಿ ನಡುರಾತ್ರಿ ದೀಪ ಆರುವುದು ತಪ್ಪುತ್ತದೆ.