ಜೆಸಿಬಿ ಕರೆಯುವ ಮುನ್ನ

ದುಬೈಯಲ್ಲಿ ಇದ್ದು ಬಂದವರಿಗೆ ಅಲ್ ಕೂಝ್ ಅಂದರೆ ಗ್ಯಾರೇಜು, ಗೋಡೌನು, ಲೇಬರ್ ಕ್ಯಾಂಪು. ಅದೇ ಅಲ್ ಕೂಝ್‌ನ ಅಲ್‌ಸರ್ಕಾಲ್ ಅವೆನ್ಯೂನಲ್ಲಿ 2017ರಲ್ಲಿ ‘ಕಾಂಕ್ರೀಟ್’ ಎಂಬ ಕಟ್ಟಡವೊಂದು ತೆರೆಯಿತು. ಬುಡದಿಂದ ಹೊಸತಾಗಿ ಕಟ್ಟಿದ್ದಲ್ಲ. ಅಲ್ಲೇ ಇದ್ದ ನಾಲ್ಕು ಗೋಡೌನ್‌ಗಳನ್ನು ಸೇರಿಸಿ ಒಂದು ಮಾಡಿದ್ದು. ಓಎಂಎ ಎಂಬ ಡಚ್ ವಾಸ್ತುಶಿಲ್ಪ ಸಂಸ್ಥೆ ಒಳಗೆ ಎಂಟು ಮೀಟರ್ ಎತ್ತರದ, ತಿರುಗುವ, ಸರಿಯುವ ಗೋಡೆಗಳನ್ನಿಟ್ಟಿತು. ಬೇಕಾದಾಗ ದೊಡ್ಡ ಹಾಲ್, ಬೇಡವಾದಾಗ ಸಣ್ಣ ಸಣ್ಣ ಕೋಣೆ. ಎದುರಿಗೆ ಬೆಳಕು ಒಳಬಿಡುವ ಪಾಲಿಕಾರ್ಬೊನೇಟ್. ಈಗ ಅಲ್ಲಿ ಕಲಾ ಪ್ರದರ್ಶನ, ಉಪನ್ಯಾಸ. 2019ರ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಕಿರುಪಟ್ಟಿಯಲ್ಲೂ ಈ ಗೋಡೌನ್‌ಗಳ ಹೆಸರಿತ್ತು.

ದುಬೈಯ ಕಥೆ ನಮಗ್ಯಾಕೆ ಮಾರಾಯ್ರೆ ಅನ್ನಬೇಡಿ. ಅಲ್ಲಿ ಬೆವರು ಸುರಿಸಿ ಕಳಿಸಿದ ದುಡ್ಡಲ್ಲೇ ನಮ್ಮ ಪೇಟೆಗಳಲ್ಲಿ ಎಷ್ಟೋ ಕಾಂಪ್ಲೆಕ್ಸ್‌ಗಳು ಎದ್ದದ್ದು. ಕೆಳಗೆ ಅಂಗಡಿ, ಮೇಲೆ ಆಫೀಸು, ಬಾಡಿಗೆ ಉಮ್ಮನ ಖರ್ಚಿಗೆ. ಬಾಪನ ಲೆಕ್ಕ ಅಷ್ಟೇ ಇತ್ತು. ಈಗ ಕೆಳಗಿನ ಅಂಗಡಿ ಹೇಗೋ ನಡೆಯುತ್ತದೆ, ಮೇಲಿನ ಶಟರ್‌ಗಳು ತುಕ್ಕು ಹಿಡಿದು ಕೂತಿವೆ. ಒಬ್ಬ ಮಗ ಒಡೆದು ಹೊಸದು ಕಟ್ಟುವ ಎನ್ನುತ್ತಾನೆ, ಇನ್ನೊಬ್ಬ ಮಾರಿ ಪಾಲು ಮಾಡುವ ಎನ್ನುತ್ತಾನೆ. ಇದ್ದದ್ದನ್ನೇ ಕ್ಲಿನಿಕ್, ಟ್ಯೂಷನ್ ಸೆಂಟರ್, ಬಾಡಿಗೆ ಮನೆ ಮಾಡಿದರೆ ಹೇಗೆ ಎಂದು ಕೇಳುವವರು ಕಡಿಮೆ.

ಕೇಳುವುದಾದರೆ ಮೊದಲು ಕರೆಯಬೇಕಾದ್ದು ಪೈಂಟರನ್ನಲ್ಲ, ಸ್ಟ್ರಕ್ಚರಲ್ ಇಂಜಿನಿಯರನ್ನು. ಕಡಲ ಗಾಳಿಯ ಉಪ್ಪು ಕಾಂಕ್ರೀಟಿನೊಳಗೆ ಇಳಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ, ಸ್ಲ್ಯಾಬಿನ ತಳದಿಂದ ಕಾಂಕ್ರೀಟು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಅದರ ಮೇಲೆ ಪ್ಲಾಸ್ಟರ್ ಬಳಿದು ಫಾಲ್ಸ್ ಸೀಲಿಂಗ್ ಹಾಕುವುದು ರೋಗ ಮುಚ್ಚಿಟ್ಟ ಹಾಗೆ. ಅಸ್ಥಿಪಂಜರವೇ ಹೋಗಿದ್ದರೆ ಒಡೆಯುವುದೇ ಸರಿ, ಅದರಲ್ಲಿ ಸಂಕೋಚ ಬೇಡ.

ಎರಡನೆಯದು ಭಾರದ ಲೆಕ್ಕ. ಐಎಸ್ 875 ಎಂಬ ಭಾರತೀಯ ಮಾನದಂಡದ ಪ್ರಕಾರ ಮನೆಯ ಕೋಣೆಯ ನೆಲ ಚದರ ಮೀಟರಿಗೆ ಸುಮಾರು 200 ಕಿಲೋ ತಾಳಬೇಕು, ತರಗತಿಯದ್ದು 300, ಅಂಗಡಿಯದ್ದು 400. ಅಂದರೆ ಸರಿಯಾಗಿ ಕಟ್ಟಿದ ಅಂಗಡಿ ಮನೆಯಾದರೆ ನೆಲಕ್ಕೆ ಭಾರ ಇಳಿದ ಹಾಗೆ. ಅಪಾಯ ಇರುವುದು ನಮಗೆ ಮೊದಲು ಹೊಳೆಯುವ ಐಡಿಯಾದಲ್ಲಿ: ‘ಮೇಲೆ ಒಂದು ನಿಕಾಹ್ ಹಾಲ್ ಮಾಡುವ’. ಜನ ಒತ್ತಾಗಿ ಸೇರುವ ಹಾಲ್‌ಗೆ ಬೇಕಾದ್ದು 500 ಕಿಲೋ. ಆಫೀಸಿಗೆಂದು ಹಾಕಿದ ಸ್ಲ್ಯಾಬಿಗೆ ಅಷ್ಟು ತಾಕತ್ತು ಇಲ್ಲದೆಯೂ ಇರಬಹುದು. ಮುನ್ನೂರು ಜನ ಮೂರಡಿ ಮೆಟ್ಟಿಲಲ್ಲಿ ಇಳಿಯುವುದನ್ನೂ ಸ್ವಲ್ಪ ಯೋಚಿಸಿ.

ಗೋಡೆ ತೆಗೆಯುವಲ್ಲಿಯೂ ಹಾಗೇ. ಕಂಬ, ಬೀಮಿನ ಕಟ್ಟಡದಲ್ಲಿ ಅಂಗಡಿಗಳ ನಡುವಿನ ಗೋಡೆ ಸಾಮಾನ್ಯವಾಗಿ ಬರೀ ಅಡ್ಡ, ತೆಗೆಯಬಹುದು. ಆದರೆ ಬಂದರಿನ ಕಡೆಯಂಥ ಹಳೆ ಕೆಂಪುಕಲ್ಲಿನ ಹಂಚಿನ ಕಟ್ಟಡಗಳಲ್ಲಿ ಗೋಡೆಯೇ ಕಂಬ. ಅಲ್ಲಿ ಮೇಸ್ತ್ರಿಯ ಮಾತು ಕೇಳಿ ಕೈ ಹಾಕಬಾರದು.

ಇನ್ನು ಬೆಳಕು. ಶಟರ್ ಒಂದೇ ಕಿಟಕಿಯಾಗಿದ್ದ ಉದ್ದುದ್ದ ಅಂಗಡಿ ಹಗಲಲ್ಲೂ ಕತ್ತಲೆ. ಹಿಂಭಾಗದಲ್ಲಿ ಜಾಗ ಬಿಟ್ಟುಕೊಟ್ಟು ಗಾಳಿ, ಬೆಳಕಿಗೆ ದಾರಿ ಮಾಡಿದರೆ ನಾಲ್ಕು ಚದರಡಿ ಬಾಡಿಗೆ ಹೋಗುತ್ತದೆ, ಉಳಿದದ್ದು ವಾಸಕ್ಕಾಗುತ್ತದೆ. ‘ಅಷ್ಟು ಜಾಗ ವೇಸ್ಟ್ ಯಾಕೆ’ ಎಂದು ಮನೆಯಲ್ಲಿ ಜಗಳವಾಗುವುದೂ ಇಲ್ಲೇ.

ಉಪಯೋಗ ಬದಲಾಯಿಸಲು ಪಾಲಿಕೆಯ ಅಥವಾ ಪಂಚಾಯತಿನ ಅನುಮತಿ ಬೇಕಾಗುತ್ತದೆ, ಪಾರ್ಕಿಂಗ್ ಪ್ರಶ್ನೆಯೂ ಬರುತ್ತದೆ. ಕೆಲಸ ಶುರು ಮಾಡುವ ಮೊದಲೇ ವಿಚಾರಿಸಿ.

ಮತ್ತೆ, ಬಾಪನ ಕಪಾಟಿನಲ್ಲಿ ಹಳೆಯ ನೀಲಿ ನಕ್ಷೆ ಇದೆಯಾ ನೋಡಿ. ಸ್ಲ್ಯಾಬಿನೊಳಗೆ ಎಷ್ಟು ಕಬ್ಬಿಣ, ಎಲ್ಲೆಲ್ಲಿ ಎಂಬುದು ಅದರಲ್ಲಿದ್ದರೆ ಇಂಜಿನಿಯರ್‌ಗೆ ಅರ್ಧ ಕೆಲಸ ಉಳಿಯಿತು. ಉಮ್ಮನಲ್ಲಿ ಕೇಳಿದರೆ ಎಲ್ಲಿದೆ ಎಂದು ಗೊತ್ತಿರುತ್ತದೆ.